ಭಿನ್ನರಾಶಿ ಭಾಗಾಕಾರದಲ್ಲಿ ಎರಡನೆಯದನ್ನು ತಿರುಗಿಸಿ ಗುಣಿಸುವುದು ಯಾಕೆ?

ಲೆಕ್ಕದಮ್ಮ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಆರನೇ ತರಗತಿ. ಭಿನ್ನರಾಶಿಗಳ ಗುಣಾಕಾರ ಅವಳಿಗೆ ಸಲೀಸು. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಗುಣಿಸಿ ಮುಗಿಸಿಬಿಡುತ್ತಾಳೆ. ಭಾಗಾಕಾರವೂ ಬರುತ್ತದೆ. ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸುತ್ತಾಳೆ, ಉತ್ತರವೂ ಸರಿಯಾಗಿರುತ್ತದೆ.

ಆದರೆ ನಿನ್ನೆ 3/4 ÷ 2/5 ಮಾಡುತ್ತಾ ಅರ್ಧಕ್ಕೆ ನಿಲ್ಲಿಸಿದಳು. "ಭಾಗಿಸು ಅಂತ ಕೊಟ್ಟಿದ್ದಾರೆ, ನಾನು ಗುಣಿಸ್ತಾ ಇದ್ದೀನಿ. ಇದು ಬೇರೆ ಲೆಕ್ಕ ಆಗಲಿಲ್ವಾ ಅಮ್ಮ?" ಅಂದಳು. ಆಮೇಲೆ ಒಂದರ ಹಿಂದೆ ಒಂದು ಪ್ರಶ್ನೆ. ಎರಡನೆಯದನ್ನೇ ಯಾಕೆ ತಿರುಗಿಸಬೇಕು? ಮೊದಲನೆಯದನ್ನು ತಿರುಗಿಸಿದರೆ 8/15 ಬರುತ್ತದೆ, ಅದು ಯಾಕೆ ತಪ್ಪು? ಭಾಗ ಮಾಡಿದರೆ ಚಿಕ್ಕದಾಗಬೇಕು, ಇಲ್ಲಿ 3/4 ಹೋಗಿ 15/8 ಆಯಿತಲ್ಲ, ಜಾಸ್ತಿ ಆಗಿದ್ದು ಹೇಗೆ?

ರೂಲ್ ಹಾಗಿದೆ, ಸುಮ್ನೆ ಮಾಡು ಅಂತ ಹೇಳಲು ನನಗೆ ಮನಸ್ಸಿಲ್ಲ. ಅವಳಿಗೆ ಅರ್ಥವಾಗುವ ಹಾಗೆ ಯಾರಾದರೂ ಬಿಡಿಸಿ ಹೇಳುತ್ತೀರಾ?

ಎರಡು ಸಾಲು

ಒಂದರ ಮೇಲೊಂದು ಬರೆಯಿರಿ ಮೇಡಂ. ಮೇಲೆ 3/4, ನಡುವೆ ದೊಡ್ಡ ಗೆರೆ, ಕೆಳಗೆ 2/5. ಇದೂ ಒಂದು ಭಿನ್ನರಾಶಿಯೇ. ಮೇಲೂ ಕೆಳಗೂ ಒಂದೇ ಸಂಖ್ಯೆಯಿಂದ ಗುಣಿಸಿದರೆ ಬೆಲೆ ಬದಲಾಗುವುದಿಲ್ಲ. 5/2ರಿಂದ ಗುಣಿಸಿ. ಕೆಳಗೆ 2/5 × 5/2 = 1. ಮೇಲೆ 3/4 × 5/2 = 15/8. ಕೆಳಗೆ 1 ಇದ್ದರೆ ಬರೆಯಬೇಕಾಗಿಲ್ಲ. ಅಷ್ಟೇ.

ಸೀಮೆಸುಣ್ಣ

ಅಮ್ಮಾ, ನಿಮ್ಮ ಮಗಳ ಪ್ರಶ್ನೆ ಓದಿ ತುಂಬಾ ಸಂತೋಷವಾಯಿತು. ನಾನು ಹೈಸ್ಕೂಲಿನಲ್ಲಿ ಗಣಿತ ಮೇಷ್ಟ್ರಾಗಿದ್ದವನು, ಈಗ ನಿವೃತ್ತ. ಈ ಪಾಠ ಎಂದರೆ ನನಗೆ ಮೊದಲಿನಿಂದಲೂ ವಿಶೇಷ ಪ್ರೀತಿ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಬಿಡುವು ಮಾಡಿಕೊಂಡು ಇಬ್ಬರೂ ಕೂತು ಓದಿ.

ಮೇಲಿನವರು ಹೇಳಿದ್ದು ಪೂರ್ತಿ ಸರಿ. ಆದರೆ ಮಗು ಮುಂದೆ ಕೇಳುತ್ತದೆ: "5/2ರಿಂದಲೇ ಗುಣಿಸಬೇಕು ಅಂತ ಅವರಿಗೆ ಹೇಗೆ ಗೊತ್ತಾಯ್ತು?" ಅಲ್ಲಿಂದ ಶುರು ಮಾಡೋಣ.

ಮೊದಲು ಭಿನ್ನರಾಶಿಯನ್ನೇ ಮರೆತುಬಿಡಿ. 12 ÷ 3 ಎಷ್ಟು? 4. ಹೇಗೆ ಗೊತ್ತು? 4 × 3 = 12 ಅಂತ ಮಗ್ಗಿ ಬರುತ್ತದೆ, ಅದಕ್ಕೆ. ಅಂದರೆ 12 ÷ 3 ಎಂದು ಬರೆದಾಗ ನಾವು ಕೇಳುತ್ತಿರುವುದು ಒಂದು ಗುಣಾಕಾರದ ಪ್ರಶ್ನೆಯನ್ನೇ:

□ × 3 = 12

ಖಾಲಿ ಮನೆಯಲ್ಲಿ ಏನಿದೆ? ಭಾಗಾಕಾರ ಎಂದರೆ ಇಷ್ಟೇ. ಗುಣಿಸಿದ ಮೇಲೆ ಏನು ಬಂತು ಅಂತ ಗೊತ್ತಿದೆ, ಯಾವುದರಿಂದ ಗುಣಿಸಿದರು ಅಂತಲೂ ಗೊತ್ತಿದೆ, ಯಾವುದನ್ನು ಗುಣಿಸಿದರು ಅಂತ ಹುಡುಕಬೇಕು. ಭಿನ್ನರಾಶಿ ಬಂದರೆ ಈ ಮಾತು ಒಂದಿಷ್ಟೂ ಬದಲಾಗುವುದಿಲ್ಲ. 3/4 ÷ 2/5 ಅಂದರೆ:

□ × 2/5 = 3/4

ಈಗ ನೋಡಿ, 2/5ರಿಂದ ಗುಣಿಸುವುದು ಎಂದರೆ ಏನು? ಅದರಲ್ಲಿ ಎರಡು ಕೆಲಸ ಸೇರಿಕೊಂಡಿದೆ. ಕೆಳಗಿನ 5 ಹೇಳುತ್ತದೆ: ಐದು ಸಮ ಭಾಗ ಮಾಡು. ಮೇಲಿನ 2 ಹೇಳುತ್ತದೆ: ಅಂಥ ಎರಡು ಭಾಗ ತಗೋ. ಒಂದು ಭಾಗಿಸುವ ಕೆಲಸ, ಒಂದು ಗುಣಿಸುವ ಕೆಲಸ. ಭಿನ್ನರಾಶಿಯ ಗುಣಾಕಾರದ ಹೊಟ್ಟೆಯೊಳಗೇ ಭಾಗಾಕಾರ ಇದೆ, ಅಲ್ವಾ? ಇದನ್ನು ಮಗಳಿಗೆ ನಿಧಾನವಾಗಿ ಹೇಳಿ. ನನ್ನ ಪ್ರಕಾರ ಇಡೀ ಪಾಠದಲ್ಲಿ ಇದೇ ಮುಖ್ಯ.

ಖಾಲಿ ಮನೆಯ ಸಂಖ್ಯೆಯನ್ನು ಯಾರೋ 5ರಿಂದ ಭಾಗಿಸಿದರು, 2ರಿಂದ ಗುಣಿಸಿದರು. 3/4 ಬಂತು. ಮೊದಲು ಏನಿತ್ತು ಅಂತ ತಿಳಿಯಬೇಕಾದರೆ ಮಾಡಿದ ಕೆಲಸವನ್ನು ಬಿಚ್ಚಬೇಕು. 2ರಿಂದ ಗುಣಿಸಿದ್ದನ್ನು ಬಿಚ್ಚಲು 2ರಿಂದ ಭಾಗಿಸಿ. 5ರಿಂದ ಭಾಗಿಸಿದ್ದನ್ನು ಬಿಚ್ಚಲು 5ರಿಂದ ಗುಣಿಸಿ. 5ರಿಂದ ಗುಣಿಸಿ 2ರಿಂದ ಭಾಗಿಸುವುದನ್ನು ಒಂದೇ ಸಂಖ್ಯೆಯಾಗಿ ಬರೆದರೆ 5/2. ತಲೆಕೆಳಗಾದ ಭಿನ್ನರಾಶಿ ಬಂದಿದ್ದು ಇಲ್ಲಿಂದ. ಯಾರೋ ಸುಮ್ನೆ ತಿರುಗಿಸಿದ್ದಲ್ಲ. ಗುಣಿಸು ಇದ್ದ ಕಡೆ ಭಾಗಿಸು ಬಂತು, ಭಾಗಿಸು ಇದ್ದ ಕಡೆ ಗುಣಿಸು ಬಂತು. ಹಾಗಾಗಿ ಮೇಲಿನದು ಕೆಳಗೆ ಹೋಯಿತು, ಕೆಳಗಿನದು ಮೇಲೆ ಬಂತು.

ಎರಡನೆಯದನ್ನೇ ಯಾಕೆ ತಿರುಗಿಸಬೇಕು ಎನ್ನುವುದಕ್ಕೂ ಉತ್ತರ ಇದರಲ್ಲೇ ಇದೆ. ಬಿಚ್ಚಬೇಕಾದ ಕೆಲಸ ಎರಡನೆಯದು. ಮೊದಲನೆಯದು ಕೈಗೆ ಬಂದ ಫಲ. ಅದನ್ನು ಮುಟ್ಟುವ ಹಾಗಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ನಲ್ಲಿಯೊಂದು 3/4 ಗಂಟೆಯಲ್ಲಿ ತೊಟ್ಟಿಯ 2/3 ಭಾಗ ತುಂಬಿಸುತ್ತದೆ. ಒಂದು ಗಂಟೆಯಲ್ಲಿ ಎಷ್ಟು ಭಾಗ? ಸೂತ್ರವನ್ನು ಪಕ್ಕಕ್ಕಿಡಿ. 3/4 ಗಂಟೆ ಎಂದರೆ 45 ನಿಮಿಷ, ಅಂದರೆ ಮೂರು ಕಾಲು ಗಂಟೆಗಳು. ಮೂರು ಕಾಲು ಗಂಟೆಯಲ್ಲಿ 2/3 ಭಾಗ ತುಂಬಿದರೆ, ಒಂದು ಕಾಲು ಗಂಟೆಯಲ್ಲಿ ಅದರ ಮೂರನೇ ಒಂದು ಭಾಗ, ಅಂದರೆ 2/9. ಒಂದು ಗಂಟೆಯಲ್ಲಿ ನಾಲ್ಕು ಕಾಲು ಗಂಟೆ ಇವೆ. ಹಾಗಾಗಿ 2/9 × 4 = 8/9.

ನಾವು ಏನು ಮಾಡಿದೆವು? 3ರಿಂದ ಭಾಗಿಸಿದೆವು, 4ರಿಂದ ಗುಣಿಸಿದೆವು. 2/3 ÷ 3/4 ಎಂಬ ಲೆಕ್ಕ ತಾನಾಗಿಯೇ 2/3 × 4/3 ಆಯಿತು. ಯಾರೂ "ತಿರುಗಿಸು" ಅನ್ನಲಿಲ್ಲ. ತಾಳೆ ನೋಡಬೇಕಾದರೆ ವಾಪಸ್ ಗುಣಿಸಿ: 8/9 × 3/4 = 24/36 = 2/3. ಪ್ರತಿ ಭಾಗಾಕಾರವನ್ನೂ ಹೀಗೆ ಗುಣಿಸಿ ತಾಳೆ ನೋಡುವ ಅಭ್ಯಾಸ ಮಾಡಿಸಿ. ಎರಡರ ನಂಟು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಇನ್ನು ಜಾಸ್ತಿ ಆಗುವ ವಿಷಯ. ಈ ಸಾಲುಗಳನ್ನು ಮಗಳ ಕೈಯಲ್ಲೇ ಬರೆಸಿ:

12 ÷ 4 = 3
12 ÷ 2 = 6
12 ÷ 1 = 12
12 ÷ 1/2 = 24
12 ÷ 1/4 = 48

ಭಾಜಕ ಅರ್ಧ ಆದ ಹಾಗೆಲ್ಲ ಉತ್ತರ ಎರಡರಷ್ಟಾಗುತ್ತಿದೆ. 12ರಲ್ಲಿ 4 ಎಷ್ಟು ಸಲ ಇದೆ? ಮೂರು ಸಲ. 12ರಲ್ಲಿ ಕಾಲು ಎಷ್ಟು ಸಲ ಇದೆ? ಒಂದೊಂದರಲ್ಲೂ ನಾಲ್ಕು, ಒಟ್ಟು 48. ಅಳೆಯುವ ತುಂಡು ಚಿಕ್ಕದಾದಷ್ಟೂ ಜಾಸ್ತಿ ಸಲ ಅಳೆಯಬೇಕು. ಭಾಗಿಸಿದರೆ ಚಿಕ್ಕದಾಗುತ್ತದೆ ಎನ್ನುವುದು 1ಕ್ಕಿಂತ ದೊಡ್ಡ ಸಂಖ್ಯೆಯಿಂದ ಭಾಗಿಸಿದಾಗ ಮಾತ್ರ ನಿಜ. ಅದೇ ರೀತಿ, ಗುಣಿಸಿದರೆ ದೊಡ್ಡದಾಗುತ್ತದೆ ಎನ್ನುವುದೂ 1ಕ್ಕಿಂತ ದೊಡ್ಡ ಸಂಖ್ಯೆಯಿಂದ ಗುಣಿಸಿದಾಗ ಮಾತ್ರ ನಿಜ. ಈಗ ಪಕ್ಕದಲ್ಲಿ 12 × 1/4, 12 × 1/2, 12 × 1, 12 × 2, 12 × 4 ಬರೆಸಿ. ಅದೇ 3, 6, 12, 24, 48 ಬರುತ್ತದೆ! 4ರಿಂದ ಭಾಗಿಸುವುದೂ 1/4ರಿಂದ ಗುಣಿಸುವುದೂ ಒಂದೇ. 1/4ರಿಂದ ಭಾಗಿಸುವುದೂ 4ರಿಂದ ಗುಣಿಸುವುದೂ ಒಂದೇ. ಇದನ್ನು ನಾವು ಹೇಳುವುದಕ್ಕಿಂತ ಮಗು ತಾನೇ ಕಂಡುಕೊಂಡರೆ ಚೆನ್ನ.

ಕೊನೆಯದಾಗಿ ಆ 8/15. ಅದು ತಪ್ಪು ಸಂಖ್ಯೆಯಲ್ಲ, ಬೇರೆ ಪ್ರಶ್ನೆಯ ಉತ್ತರ. 2/5 ÷ 3/4 ಮಾಡಿ ನೋಡಲಿ, 8/15 ಬರುತ್ತದೆ. 3/4ರಲ್ಲಿ 2/5 ಎಷ್ಟು ಸಲ ಇದೆ ಅಂದರೆ 15/8 ಸಲ. 2/5ರಲ್ಲಿ 3/4 ಎಷ್ಟು ಸಲ ಅಂದರೆ 8/15 ಸಲ, ಒಂದು ಪೂರ್ತಿ ಸಲವೂ ಇಲ್ಲ. ಪ್ರಶ್ನೆ ತಿರುಗಿದರೆ ಉತ್ತರವೂ ತಿರುಗುತ್ತದೆ. ಅವಳು ಅದನ್ನು ಲೆಕ್ಕ ಹಾಕಿ ನೋಡಿದ್ದಾಳಲ್ಲ, ಶಹಬ್ಬಾಸ್ ಅಂತ ಹೇಳಿ.

ಅಚ್ಚಿನ ಮನೆ

ಮೇಷ್ಟ್ರ "ಬಿಚ್ಚುವುದು" ಎಂಬ ಮಾತು ನಮ್ಮ ಕೆಲಸಕ್ಕೆ ತುಂಬಾ ಹತ್ತಿರ. ನಾನು ಪ್ರಿಂಟಿಂಗ್ ಕೆಲಸದವನು. ಒಂದು ಚಿತ್ರವನ್ನು 125 ಪರ್ಸೆಂಟ್‌ಗೆ ದೊಡ್ಡದು ಮಾಡಿದ್ದೀರಿ ಅಂದುಕೊಳ್ಳಿ. ಮೊದಲಿನ ಅಳತೆಗೆ ತರಲು ಎಷ್ಟಕ್ಕೆ ಇಳಿಸಬೇಕು? ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು ಸಾಮಾನ್ಯವಾಗಿ 75 ಅನ್ನುತ್ತಾರೆ. 25 ಏರಿಸಿದ್ದೀವಿ, 25 ಇಳಿಸೋಣ ಅನ್ನುವ ಲೆಕ್ಕ. ಬರಬೇಕಾದದ್ದು 80.

125 ಪರ್ಸೆಂಟ್ ಅಂದರೆ 5/4. ಅದನ್ನು ಬಿಚ್ಚುವುದು 4/5, ಅಂದರೆ 80 ಪರ್ಸೆಂಟ್. ಕಾಲು ಭಾಗ ಹೆಚ್ಚಿಸಿದ್ದನ್ನು ವಾಪಸ್ ತರಲು ಐದನೇ ಒಂದು ಭಾಗ ಕಡಿಮೆ ಮಾಡಬೇಕು. 150ಕ್ಕೆ ಏರಿಸಿದ್ದರೆ 3/2, ವಾಪಸ್ 2/3, ಸುಮಾರು 66.7. ಜೆರಾಕ್ಸ್ ಮಷೀನಿನಲ್ಲಿ ಎ4 ಹಾಳೆಯನ್ನು ಎ3ಗೆ ಏರಿಸಲು 141, ಎ3ಯನ್ನು ಎ4ಗೆ ಇಳಿಸಲು 71 ಅಂತ ಇರುತ್ತದೆ. ಅದೂ ಇದೇ. 100ನ್ನು 141ರಿಂದ ಭಾಗಿಸಿ ನೋಡಿ, 0.709 ಬರುತ್ತದೆ.

ಲೆಕ್ಕದಮ್ಮ

ಮೇಷ್ಟ್ರೇ, ತುಂಬಾ ಧನ್ಯವಾದ. ತೊಟ್ಟಿಯ ಲೆಕ್ಕ ಅವಳಿಗೆ ಚೆನ್ನಾಗಿ ಹಿಡಿಸಿತು. ಅಚ್ಚಿನ ಮನೆಯವರೇ, 75 ಅಂತ ನಾನೂ ಅಂದುಕೊಳ್ಳುತ್ತಿದ್ದೆ, ಈಗ ಸ್ಪಷ್ಟವಾಯಿತು.

ಇನ್ನೆರಡು ಸಂದೇಹ ಉಳಿದಿದೆ. ಎರಡೂವರೆ ಮೀಟರ್ ಹಗ್ಗದಲ್ಲಿ ಮುಕ್ಕಾಲು ಮೀಟರಿನ ಎಷ್ಟು ತುಂಡು ಸಿಗುತ್ತದೆ ಅಂತ ಒಂದು ಲೆಕ್ಕ. ಚಿತ್ರ ಬರೆದು ಮಾಡಿದಳು. ಮೂರು ತುಂಡು ಬಂತು, ಕಾಲು ಮೀಟರ್ ಉಳಿಯಿತು. ಹಾಗಾದರೆ ಉತ್ತರ ಮೂರೂಕಾಲು ಅಂತ ಬರೆದಳು. ಸೂತ್ರದಿಂದ ಮಾಡಿದರೆ 5/2 × 4/3 = 10/3, ಅಂದರೆ 3 ಪೂರ್ಣಾಂಕ 1/3. ಯಾವುದು ಸರಿ?

ಇನ್ನೊಂದು. ಗುಣಾಕಾರದಲ್ಲಿ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಗುಣಿಸುವ ಹಾಗೆ ಭಾಗಾಕಾರದಲ್ಲೂ ನೇರವಾಗಿ ಭಾಗಿಸಬಾರದಾ ಅಂತ ಕೇಳುತ್ತಾಳೆ. 8/15 ÷ 2/5ಕ್ಕೆ 8ನ್ನು 2ರಿಂದ, 15ನ್ನು 5ರಿಂದ ಭಾಗಿಸಿ 4/3 ಅಂತ ಬರೆದಿದ್ದಾಳೆ. ಉತ್ತರ ಸರಿಯಾಗಿಯೇ ಇದೆ. ಇದು ಎಲ್ಲ ಕಡೆ ನಡೆಯುತ್ತದಾ?

ಸೀಮೆಸುಣ್ಣ

ಮೊದಲು ಹಗ್ಗ. ಮೂರು ತುಂಡು ಬಂದು ಕಾಲು ಮೀಟರ್ ಉಳಿಯಿತು ಎನ್ನುವುದೂ ಸರಿ, 3 ಪೂರ್ಣಾಂಕ 1/3 ತುಂಡು ಎನ್ನುವುದೂ ಸರಿ, ಆದರೆ ಎರಡು ಬೇರೆ ಅಳತೆಯಲ್ಲಿ ಹೇಳಿದ್ದು. ಮೂರೂಕಾಲು ತುಂಡು ಎನ್ನುವುದು ಮಾತ್ರ ಸರಿಯಲ್ಲ. ಉಳಿದದ್ದು ಕಾಲು ಮೀಟರ್, ನಿಜ. ಪ್ರಶ್ನೆ ಕೇಳಿದ್ದು ಎಷ್ಟು ಮೀಟರ್ ಉಳಿಯಿತು ಅಂತಲ್ಲ, ಎಷ್ಟು ತುಂಡು ಅಂತ. ಒಂದು ತುಂಡಿನಲ್ಲಿ ಕಾಲು ಮೀಟರಿನ ಮೂರು ಭಾಗ ಇವೆ. ಉಳಿದದ್ದು ಅಂಥ ಒಂದು ಭಾಗ. ಅಂದರೆ ತುಂಡಿನ ಮೂರನೇ ಒಂದು ಭಾಗ. ಹಾಗಾಗಿ ಮೂರು ತುಂಡು ಮತ್ತು ತುಂಡಿನ 1/3. ಭಾಗಾಕಾರದ ಉತ್ತರ ಯಾವಾಗಲೂ ಭಾಜಕವನ್ನು ಅಳತೆಗೋಲಾಗಿ ಇಟ್ಟುಕೊಂಡು ಹೇಳಿದ್ದು. ಮತ್ತೆ ಗುಣಿಸಿ ನೋಡಲಿ. 10/3 × 3/4 = 30/12 = 5/2, ಎರಡೂವರೆ ಬಂತು. ಮೂರೂಕಾಲನ್ನು ಗುಣಿಸಿದರೆ 13/4 × 3/4 = 39/16, ಎರಡೂವರೆಗಿಂತ ಸ್ವಲ್ಪ ಕಡಿಮೆ. ತಾಳೆಯಾಗುವುದಿಲ್ಲ.

ಎರಡನೆಯದು ಬಹಳ ಸೊಗಸಾಗಿದೆ. ಹೌದು, ಎಲ್ಲ ಕಡೆ ನಡೆಯುತ್ತದೆ. ಯಾಕೆಂದರೆ 4/3 × 2/5 = 8/15 ಮಾಡುವಾಗ 4ನ್ನು 2ರಿಂದ, 3ನ್ನು 5ರಿಂದ ಗುಣಿಸಿದ್ದೆವು. ವಾಪಸ್ ಬರುವಾಗ 8ನ್ನು 2ರಿಂದ, 15ನ್ನು 5ರಿಂದ ಭಾಗಿಸಿದರೆ ಹೊರಟ ಜಾಗಕ್ಕೇ ಬರಬೇಕು.

ತೊಂದರೆ ಒಂದೇ. 3/4 ÷ 2/5ರಲ್ಲಿ 3ನ್ನು 2 ಸರಿಯಾಗಿ ಭಾಗಿಸುವುದಿಲ್ಲ, 4ನ್ನು 5 ಭಾಗಿಸುವುದಿಲ್ಲ. ಆಗ ಏನು ಮಾಡಬೇಕು? 3/4ಕ್ಕೆ ಸಮಾನ ಭಿನ್ನರಾಶಿ ತೆಗೆದುಕೊಳ್ಳಿ, ಮೇಲೂ ಕೆಳಗೂ 2 ಮತ್ತು 5 ಎರಡರಿಂದಲೂ ಭಾಗವಾಗುವ ಹಾಗೆ. ಮೇಲೆ ಕೆಳಗೆ 10ರಿಂದ ಗುಣಿಸಿದರೆ 30/40. ಈಗ ಭಾಗಿಸಿ: 30 ÷ 2 = 15, 40 ÷ 5 = 8. ಉತ್ತರ 15/8. ನಿಧಾನವಾಗಿ ನೋಡಿ. 3ನ್ನು ಮೊದಲು 2 ಮತ್ತು 5ರಿಂದ ಗುಣಿಸಿದೆವು, ಆಮೇಲೆ 2ರಿಂದ ಭಾಗಿಸಿದೆವು. ಉಳಿದದ್ದು 3 × 5. ಕೆಳಗೆ 4ನ್ನು 2 ಮತ್ತು 5ರಿಂದ ಗುಣಿಸಿ 5ರಿಂದ ಭಾಗಿಸಿದೆವು. ಉಳಿದದ್ದು 4 × 2. ಅಂದರೆ 3/4 × 5/2. ನಿಮ್ಮ ಮಗಳ ದಾರಿಯಲ್ಲಿ ಹೋದರೂ ಅದೇ ಜಾಗಕ್ಕೆ ಬರುತ್ತೇವೆ.

ಇನ್ನೊಂದು ದಾರಿಯೂ ಇದೆ. ಎರಡಕ್ಕೂ ಒಂದೇ ಛೇದ ಮಾಡಿ. 3/4 ಎಂದರೆ 15/20, 2/5 ಎಂದರೆ 8/20. ಈಗ ಎರಡೂ ಇಪ್ಪತ್ತನೇ ಭಾಗಗಳ ಲೆಕ್ಕ. 15 ಭಾಗದಲ್ಲಿ 8 ಭಾಗ ಎಷ್ಟು ಸಲ? 15/8. ಮಹಾವೀರಾಚಾರ್ಯರು 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ ಬರೆದ ಗಣಿತಸಾರಸಂಗ್ರಹದಲ್ಲಿ ಎರಡೂ ದಾರಿ ಇವೆ. ಭಾಜಕದ ಛೇದವನ್ನು ಅಂಶ ಮಾಡಿ ಗುಣಾಕಾರದ ಹಾಗೆ ಮಾಡಬಹುದು. ಇಲ್ಲವೇ ಒಂದರ ಛೇದದಿಂದ ಇನ್ನೊಂದನ್ನು ಗುಣಿಸಿ, ಛೇದ ಇಲ್ಲದ ಹಾಗೆ ಮಾಡಿ, ಪೂರ್ಣ ಸಂಖ್ಯೆಗಳ ಹಾಗೆ ಭಾಗಿಸಬಹುದು. ಅವರಿಗೂ ಮೊದಲೇ, 628ರಲ್ಲಿ ಬ್ರಹ್ಮಗುಪ್ತರು ತಿರುಗಿಸಿ ಗುಣಿಸುವ ನಿಯಮವನ್ನು ಹೇಳಿದ್ದರು. ಆ ನಿಯಮದ ಜೊತೆಗೇ ಮಹಾವೀರರು ಎರಡನೇ ದಾರಿಯನ್ನೂ ಕೊಟ್ಟರಲ್ಲ, ಅದು ನನಗೆ ತುಂಬಾ ಇಷ್ಟ. ಒಂದು ದಾರಿ ಮಸುಕಾಗಿ ಕಂಡ ಮಗುವಿಗೆ ಇನ್ನೊಂದು ತಿಳಿಯಾಗಿ ಕಾಣಬಹುದು.

ಪರೀಕ್ಷೆ ಹತ್ತಿರ

ಎಲ್ಲ ಚೆನ್ನಾಗಿದೆ ಸರ್. ಆದರೆ ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವನು. ಒಂದು ಪ್ರಶ್ನೆಗೆ ಒಂದು ನಿಮಿಷವೂ ಸಿಗುವುದಿಲ್ಲ. ತಿರುಗಿಸಿ ಗುಣಿಸು ಎಂಬ ಒಂದು ಸಾಲು ನೆನಪಿದ್ದರೆ ಸಾಲದೇ?

ಸೀಮೆಸುಣ್ಣ

ಭಾಗಿಸಬೇಕು ಅಂತ ಗೊತ್ತಾದ ಮೇಲೆ ಆ ಒಂದು ಸಾಲು ಸಾಕು, ಒಪ್ಪುತ್ತೇನೆ. ಆದರೆ ಭಾಗಿಸಬೇಕೋ ಗುಣಿಸಬೇಕೋ ಅಂತ ಆ ಸಾಲು ಹೇಳುವುದಿಲ್ಲವಲ್ಲಪ್ಪ. ಪರೀಕ್ಷೆಯಲ್ಲಿ ಎಡವುವುದು ಅಲ್ಲೇ. ಈ ಎರಡನ್ನು ನೋಡು:

6 ಮೀಟರ್ ಹಗ್ಗದ 3/4 ಭಾಗ ಎಷ್ಟು?
ಒಂದು ಹಗ್ಗದ 3/4 ಭಾಗ 6 ಮೀಟರ್ ಇದೆ. ಇಡೀ ಹಗ್ಗ ಎಷ್ಟು?

ಎರಡರಲ್ಲೂ ಅದೇ 6, ಅದೇ 3/4. ಅವಸರದಲ್ಲಿ ಓದಿದರೆ ಎರಡೂ ಒಂದೇ ಅನ್ನಿಸುತ್ತದೆ. ಎರಡಕ್ಕೂ ಒಂದೇ ಸಾಲು ಬರೆದುಕೋ: ಇಡೀ ಹಗ್ಗ × 3/4 = ಭಾಗ. ಮೊದಲನೆಯದರಲ್ಲಿ ಇಡೀ ಹಗ್ಗ ಗೊತ್ತಿದೆ. 6 × 3/4 = ನಾಲ್ಕೂವರೆ ಮೀಟರ್. ಎರಡನೆಯದರಲ್ಲಿ ಭಾಗ ಗೊತ್ತಿದೆ. □ × 3/4 = 6, ಹಾಗಾಗಿ 6 ÷ 3/4 = 6 × 4/3 = 8 ಮೀಟರ್. ಯಾವ ಮನೆ ಖಾಲಿ ಇದೆ ಅಂತ ನೋಡಿದರೆ ಗುಣಾಕಾರವೋ ಭಾಗಾಕಾರವೋ ತಾನಾಗಿ ಗೊತ್ತಾಗುತ್ತದೆ. ಇದಕ್ಕೆ ಹತ್ತು ಸೆಕೆಂಡು ಸಾಕು.

ಉತ್ತರದ ಅಂದಾಜೂ ಇದರಲ್ಲೇ ಸಿಗುತ್ತದೆ. ಭಾಗವೇ 6 ಇದ್ದ ಮೇಲೆ ಇಡೀ ಹಗ್ಗ 6ಕ್ಕಿಂತ ಜಾಸ್ತಿ ಇರಲೇಬೇಕು. ನಾಲ್ಕು ಆಯ್ಕೆಯಲ್ಲಿ ಎರಡು ಅಲ್ಲೇ ಬಿದ್ದುಹೋಗಬಹುದು.

ಲೆಕ್ಕದಮ್ಮ

ಎರಡು ಹಗ್ಗದ ಲೆಕ್ಕವನ್ನು ನಾನೇ ಮೊದಲು ಮಾಡಿ ನೋಡಿದೆ ಮೇಷ್ಟ್ರೇ, ಆಮೇಲೆ ಅವಳಿಗೆ ಕೊಟ್ಟೆ. ಖಾಲಿ ಮನೆ ಬರೆದುಕೊಂಡು ಎರಡನ್ನೂ ಸರಿಯಾಗಿ ಮಾಡಿದಳು. ಈಗ ಎಲ್ಲ ಭಿನ್ನರಾಶಿಗಳನ್ನೂ ತಿರುಗಿಸುತ್ತಾ ಹೋಗಿ 0/7ಕ್ಕೆ ಬಂದು ನಿಂತಿದ್ದಾಳೆ. ತಿರುಗಿಸಿದರೆ 7/0. ಇದರಿಂದ ಗುಣಿಸಬಹುದಾ ಅಂತ ಕೇಳುತ್ತಿದ್ದಾಳೆ.

ಸೀಮೆಸುಣ್ಣ

ಖಾಲಿ ಮನೆಯನ್ನೇ ಮತ್ತೆ ಬರೆಯಲು ಹೇಳಿ ಅಮ್ಮಾ. 0/7 ಎಂದರೆ ಏಳು ಭಾಗ ಮಾಡಿ ಒಂದನ್ನೂ ತಗೊಳ್ಳದಿರುವುದು, ಅಂದರೆ 0. ಹಾಗಾಗಿ 3/4 ÷ 0/7 ಎಂದರೆ □ × 0 = 3/4. ಮನೆಯಲ್ಲಿ ಯಾವ ಸಂಖ್ಯೆ ಹಾಕಿದರೂ 0 ಬರುತ್ತದೆ, 3/4 ಬರುವುದೇ ಇಲ್ಲ. ಉತ್ತರ ಇಲ್ಲ. ಮೊದಲ ಸಂಖ್ಯೆಯೂ 0 ಆದರೆ □ × 0 = 0, ಆಗ ಯಾವ ಸಂಖ್ಯೆ ಹಾಕಿದರೂ ಸರಿಹೋಗುತ್ತದೆ. ಒಂದು ಉತ್ತರ ಅಂತ ಹೇಳಲು ಆಗುವುದಿಲ್ಲ.

0ಯಿಂದ ಗುಣಿಸಿದ ಮೇಲೆ ಮೊದಲು ಏನಿತ್ತು ಎಂಬ ಗುರುತೇ ಉಳಿಯುವುದಿಲ್ಲ. 5 ಇದ್ದರೂ 0, 500 ಇದ್ದರೂ 0. ಆ ಕೆಲಸವನ್ನು ಬಿಚ್ಚಲು ಆಗುವುದಿಲ್ಲ. ಅದಕ್ಕೇ ಸೊನ್ನೆಯೊಂದಕ್ಕೆ ವ್ಯುತ್ಕ್ರಮ, ಅಂದರೆ ತಿರುಗಿಸಿದ ಸಂಖ್ಯೆ, ಇಲ್ಲ. ಬೇರೆ ಯಾವ ಭಿನ್ನರಾಶಿಯನ್ನಾದರೂ ಅವಳು ಧೈರ್ಯವಾಗಿ ತಿರುಗಿಸಲಿ.